ಬಲಗೈ ಬಾಸಿಗೆ ಎಡಗೈ ನೆಕ್

"ತಂತಿ ಸಡಿಲ ಮಾಡದೆ ಆ ಸ್ಕ್ರೂಗೆ ಕೈ ಹಾಕ್ಬೇಡಿ ಮೇಡಂ! ನೆಕ್ ಕಿತ್ಕೊಂಡು ಬರತ್ತೆ!"

ಎಡಚ ಬಾಗಿಲಲ್ಲೇ ನಿಂತು ಕಿರುಚಿದ. ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗಿಡುವುದನ್ನೂ ಮರೆತಿದ್ದ.

"ಸಡಿಲ ಮಾಡಿ ಹತ್ತು ನಿಮಿಷ ಆಯ್ತು," ಅಂದೆ. "ಗಿಟಾರ್ ರಿಪೇರಿಯವರ ನಾದಿನಿ ನಾನು. ನನಗೇ ಪಾಠ ಹೇಳ್ಕೊಡಬೇಡ."

"ನನ್ನ ರೂಮಿಗೆ ಬೀಗ ಹಾಕಿತ್ತು."

"ಹೌದು, ಹಾಕಿತ್ತು. ಕಟ್ಟಡದ ಮಾಲೀಕರ ಹತ್ರ ಜಗಳ ಆಡಿ ಬೀಗದಕೈ ಇಸ್ಕೊಂಡೆ. ಅವರಿಗೂ ಸರಿಯಾಗಿ ಬೈದಿದ್ದೀನಿ, ನಿನಗೂ ಇದೆ. ಬಾ, ಕೂತ್ಕೋ."

ಅವನು ಕೂರಲಿಲ್ಲ. ನಾನು ಸ್ಕ್ರೂ ತಿರುಗಿಸುವುದನ್ನು ನಿಲ್ಲಿಸಲಿಲ್ಲ.

ಗುರುವಾರ ಸಂಜೆ ಈ ಕೋಣೆಯ ಹೊರಗಿನ ಮೆಟ್ಟಿಲಿಂದ ಉರುಳಿ ಈ ಎಡಚನ ಬ್ಯಾಂಡಿನ ಹಾಡುಗಾರ್ತಿ ಸತ್ತಳು. ತಳ್ಳಿದ್ದು ತಾವೇ ಎಂದು ಬರೆದುಕೊಟ್ಟು ನನ್ನ ಭಾವ ಲಾಕಪ್ಪಿನಲ್ಲಿ ಕೂತಿದ್ದಾರೆ. ಇವತ್ತು ಭಾನುವಾರ. ಪೊಲೀಸ್ ಕಸ್ಟಡಿಯ ಗಡುವು ಮುಗಿದು ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ನ್ಯಾಯಾಧೀಶರ ಮುಂದೆ ಅದೇ ಮಾತು ಹೇಳಿಬಿಟ್ಟರೆ ಮುಗಿಯಿತು. ಆಮೇಲೆ ಅದನ್ನು ಅಲ್ಲಗಳೆಯುವುದು ಎಷ್ಟು ಕಷ್ಟ ಎಂದು ಇಪ್ಪತ್ತು ವರ್ಷ ಪೊಲೀಸ್ ಕೆಲಸ ಮಾಡಿದ ನನಗೆ ಗೊತ್ತು.

ಆ ಭಾವ ಎಂಥವರು ಅಂದರೆ, ಅಂಗಡಿಯೊಳಗೆ ಜಿರಳೆ ಬಂದರೂ ಕಾಗದದ ಮೇಲೆ ಹತ್ತಿಸಿಕೊಂಡು ಹೊರಗೆ ಬಿಟ್ಟು ಬರುವ ಆಸಾಮಿ. ಅವರು ಒಬ್ಬ ಹೆಂಗಸನ್ನು ಮೆಟ್ಟಿಲಿಂದ ತಳ್ಳಿದರಂತೆ! ನಿನ್ನೆ ಲಾಕಪ್ಪಿನ ಕಂಬಿಯಾಚೆಯಿಂದ, "ಪಟಾಕಿ, ಇದರಲ್ಲಿ ನೀನು ತಲೆ ಹಾಕಬೇಡ," ಎಂದು ಬೇಡಿಕೊಂಡರು. ನನ್ನ ಕೋಪಕ್ಕೆ ಅವರಿಟ್ಟ ಹೆಸರು ಅದು. ಇನ್‌ಸ್ಪೆಕ್ಟರಂತೂ ನನ್ನ ಕೈಕೆಳಗೆ ಸಲ್ಯೂಟ್ ಹೊಡೆಯಲು ಕಲಿತವನು, ಮೊಬೈಲಿನಿಂದ ಕಣ್ಣು ಎತ್ತದೆ, "ತಪ್ಪೊಪ್ಪಿಗೆ ಸಿಕ್ಕಿದೆ ಮೇಡಂ, ಇನ್ನೇನು ಬೇಕು?" ಅಂದ. ನನಗೆ ಮೈಯೆಲ್ಲ ಉರಿದುಹೋಯಿತು.

ನಾಲ್ಕನೇ ಸ್ಕ್ರೂ ಬಿಚ್ಚಿದ್ದೇ ಬಾಸ್ ಗಿಟಾರಿನ ನೆಕ್, ಅಂದರೆ ತಂತಿ ಎಳೆದ ಉದ್ದನೆಯ ಹಿಡಿ, ಬಾಡಿಯಿಂದ ಬಿಟ್ಟು ಕೈಗೆ ಬಂತು.

"ಇದನ್ನ ದೊಡ್ಡ ಸ್ಪೀಕರ್ ಹಿಂದೆ ಹಳೇ ಹಾಸಿಗೆ ಸುತ್ತಿ ಯಾಕೆ ಇಟ್ಟಿದ್ದೆ?" ಎಂದು ಕೇಳಿದೆ.

"ಹಳೇ ಬಾಸು ಅದು. ಜಾಗ ಇರಲಿಲ್ಲ."

"ಹಳೇದಾ? ಇಲ್ಲಿ ನೋಡು."

ಬಾಡಿಯಲ್ಲಿ ನೆಕ್ ಕೂರುವ ಗೂಡನ್ನು ಅವನ ಮೂಗಿನ ಹತ್ತಿರ ಹಿಡಿದೆ. ಒಳಗೆ ಪೆನ್ಸಿಲಿನಲ್ಲಿ ಸಣ್ಣಗೆ ಬರೆದ ತಾರೀಖು. ಭಾವನ ಕೈಬರಹ. ಯಾವ ವಾದ್ಯ ಬಿಚ್ಚಿ ಜೋಡಿಸಿದರೂ ಯಾರಿಗೂ ಕಾಣದ ಜಾಗದಲ್ಲಿ ಅವತ್ತಿನ ತಾರೀಖು ಬರೆಯದೆ ಅವರು ಮುಚ್ಚುವುದಿಲ್ಲ. ಇನ್ನು ಹತ್ತು ವರ್ಷಕ್ಕೆ ಬಿಚ್ಚುವವನಿಗೆ ಗೊತ್ತಾಗಲಿ ಅನ್ನುತ್ತಾರೆ. ಬರೆದಿದ್ದದ್ದು ಈ ಗುರುವಾರದ ತಾರೀಖು.

ನೆಕ್‌ನ ಬುಡದಲ್ಲಿ ಹಳೆಯ ನಾಲ್ಕು ತೂತುಗಳಿಗೆ ಮರದ ಬೆಣೆ ಹೊಡೆದು ಪಕ್ಕದಲ್ಲಿ ಹೊಸ ತೂತು ಕೊರೆದಿದ್ದರು. ಬೆಣೆಯ ಸುತ್ತ ಅಂಟು ಇನ್ನೂ ಬೆಳ್ಳಗಿತ್ತು.

"ಬಾಡಿ ಬಲಗೈಯವರದ್ದು. ನೆಕ್ ಮಾತ್ರ ಎಡಗೈಯವರದ್ದು," ಅಂದೆ. "ನೀನು ಎಡಚ. ನಿನ್ನ ರೂಮಲ್ಲಿ ಬಲಗೈ ಬಾಸಿಗೆ ಏನು ಕೆಲಸ? ಅದಕ್ಕೆ ಎಡಗೈ ನೆಕ್ ಯಾಕೆ? ಅದೂ ಸರಿಯಾಗಿ ಅವಳು ಸತ್ತ ದಿನಾನೇ ಯಾಕೆ?"

ಅವನು ನೀರು ಕುಡಿದ. ಅರ್ಧ ನೀರು ಅಂಗಿಯ ಮೇಲೆ ಚೆಲ್ಲಿತು.

ಈ ಎಡಚನ ವಿಷಯ ಹೇಳಬೇಕು. ಬ್ಯಾಂಡಿನಲ್ಲಿ ಹತ್ತೊಂಬತ್ತು ವರ್ಷದಿಂದ ಬಾಸ್ ನುಡಿಸುವವನು. ಶುರುವಿನಲ್ಲೇ ಅವನ ಎಡಗೈ ಬಾಸಿನ ನೆಕ್ ಬಾಗಿಹೋಯಿತು. ಇನ್ನೊಂದು ಎಡಗೈ ನೆಕ್ ಎಲ್ಲೂ ಸಿಗಲಿಲ್ಲ. ಭಾವ ಒಂದು ಬಲಗೈ ನೆಕ್ ತಂದು ಅವನ ಎಡಗೈ ಬಾಡಿಗೆ ಕೂರಿಸಿಕೊಟ್ಟರು. ಹಾಗೆ ಕೂರಿಸಿದಾಗ ನೆಕ್‌ನ ತಲೆ ಉಲ್ಟಾ ಆಗುತ್ತದೆ. ಎಲ್ಲರ ಬಾಸಿನಲ್ಲಿ ತಂತಿ ಬಿಗಿಯುವ ಕೀಗಳು ಮೇಲ್ಗಡೆ ಇದ್ದರೆ ಇವನದರಲ್ಲಿ ಕೆಳಗಡೆ ನೇತಾಡುತ್ತವೆ. ಅದೇ ಇವನ ಗುರುತಾಯಿತು. ಪೋಸ್ಟರಿನಲ್ಲಿ ಇವನ ಮುಖಕ್ಕಿಂತ ಆ ಉಲ್ಟಾ ತಲೆಯೇ ದೊಡ್ಡದಾಗಿರುತ್ತದೆ.

ಪ್ರತಿ ಗುರುವಾರ ಸಂಜೆ ಐದರಿಂದ ಆರರವರೆಗೆ ಇವನು ಇದೇ ಕೋಣೆಯಿಂದ ಇಂಟರ್‌ನೆಟ್ಟಿನಲ್ಲಿ ನೇರ ಪಾಠ ಮಾಡುತ್ತಾನೆ. ಮಾತಿಲ್ಲ, ಮುಖವಿಲ್ಲ. ಕುತ್ತಿಗೆಯಿಂದ ಮೊಣಕಾಲಿನವರೆಗೆ ಮಾತ್ರ ಕಾಣುತ್ತದೆ. ಎರಡು ಕೈ, ಒಂದು ಬಾಸ್. ಈ ಗುರುವಾರ ನಾನೂರಕ್ಕೂ ಹೆಚ್ಚು ಜನ ನೋಡುತ್ತಿದ್ದರು. ಒಡೆದು ನಿಂತ ಕೈಗಡಿಯಾರದ ಪ್ರಕಾರ ಐದೂ ನಲವತ್ತೊಂದಕ್ಕೆ ಹಾಡುಗಾರ್ತಿ ಬಿದ್ದಳು. ಐದೂ ನಲವತ್ತೊಂದಕ್ಕೆ ಎಡಚ ಪರದೆಯ ಮೇಲೆ ನುಡಿಸುತ್ತಿದ್ದ. ಕಿವಿಗೆ ಹೆಡ್‌ಫೋನ್ ಹಾಕಿದ್ದೆ, ಏನೂ ಕೇಳಿಸಲಿಲ್ಲ ಅಂದ. ಪೊಲೀಸರು ತಲೆಯಾಡಿಸಿದರು. ನಾನೂರು ಸಾಕ್ಷಿಗಳು ಯಾರಿಗುಂಟು!

"ಎಂಥ ತಲೆ ಕಣಯ್ಯಾ ನಿಂದು," ಅಂದೆ. "ಇಷ್ಟು ಚೆನ್ನಾಗಿ ಎಲ್ಲರ ಕಣ್ಣಿಗೆ ಮಣ್ಣೆರಚಿದ್ದನ್ನ ನಾನು ನೋಡೇ ಇಲ್ಲ."

"ನಾನು ಯಾರಿಗೆ ಏನು ಮಾಡಿದೆ?"

"ನಿನ್ನ ಜಾಗದಲ್ಲಿ ಬೇರೆ ಒಬ್ಬನನ್ನ ಕೂರಿಸ್ದೆ. ಸಿಕ್ಕಿದ್ದು ಬಲಗೈಯವನು. ಪರವಾಗಿಲ್ಲ, ಕಂಪ್ಯೂಟರಲ್ಲಿ ಒಂದು ಗುಂಡಿ ಒತ್ತಿದ್ರೆ ಚಿತ್ರ ಕನ್ನಡಿ ಥರ ಎಡ ಬಲ ಆಗತ್ತೆ. ಬಲಗೈಯವನು ಎಡಚ ಆಗ್ತಾನೆ. ಆದರೆ ಅವನ ಮಾಮೂಲಿ ಬಾಸಲ್ಲಿ ಕೀಗಳು ಮೇಲಿರತ್ವೆ. ಚಿತ್ರ ತಿರುಗಿಸಿದರೂ ಮೇಲೇ ಇರತ್ವೆ. ನಿನ್ನದರಲ್ಲಿ ಕೆಳಗೆ. ನಿನ್ನ ಶಿಷ್ಯರು ಒಂದು ನಿಮಿಷಕ್ಕೆ ಹಿಡೀತಿದ್ರು. ಅದಕ್ಕೆ ಬಲಗೈ ಬಾಡಿಗೆ ಎಡಗೈ ನೆಕ್ ಹಾಕಿಸ್ದೆ. ಕೀಗಳು ಕೆಳಗೆ ಬಂದ್ವು. ಕನ್ನಡಿಯಲ್ಲಿ ನೋಡಿದ್ರೆ ಥೇಟ್ ನಿನ್ನ ಬಾಸು!"

ಎಡಚ ಹಿಂದೆ ಸರಿದ. ಸದ್ದು ತಡೆಯಲು ಗೋಡೆಗೆ ಹೊಡೆದಿದ್ದ ಹಳೇ ಕಾರ್ಪೆಟ್ಟಿಗೆ ಒರಗಿ ನಿಂತ. ಕೆಳಗಿನ ವೆಲ್ಡಿಂಗ್ ಅಂಗಡಿಯಲ್ಲಿ ಯಾರೋ ಕಬ್ಬಿಣ ಬಡಿಯುತ್ತಿದ್ದರು.

"ಊಹೆ," ಅಂದ. "ಬರೀ ಊಹೆ ಮೇಡಂ."

ನಾನು ಮೊಬೈಲ್ ತೆಗೆದೆ. ಆ ಪಾಠವನ್ನು ಮೂರು ದಿನದಲ್ಲಿ ನಲವತ್ತು ಸಲವಾದರೂ ನೋಡಿದ್ದೇನೆ. ಎಲ್ಲಿಗೆ ಓಡಿಸಬೇಕು ಎಂದು ಬೆರಳಿಗೇ ಗೊತ್ತಿತ್ತು.

"ಐದೂ ಮೂವತ್ತೆರಡು. ಒಂದು ತಂತಿ ಶ್ರುತಿ ತಪ್ಪತ್ತೆ. ಸರಿ ಮಾಡೋಕೆ ಕೈ ಹೋಗತ್ತೆ. ಎಲ್ಲಿಗೆ ಹೋಯ್ತು, ನೋಡು!"

ಪರದೆಯ ಮೇಲೆ ಕೈ ನೆಕ್‌ನ ತಲೆಯ ಮೇಲ್ಗಡೆಗೆ ಹೋಯಿತು. ಅಲ್ಲಿ ಕೀ ಇರಲಿಲ್ಲ, ಬರಿಯ ಮರ. ಬೆರಳುಗಳು ಒಂದು ಕ್ಷಣ ಗಾಳಿಯಲ್ಲೇ ತಡಕಾಡಿ ಆಮೇಲೆ ಕೆಳಗಿಳಿದವು.

ಅಲ್ಲಿಗೆ ವಿಡಿಯೋ ನಿಲ್ಲಿಸಿದೆ.

"ಹತ್ತೊಂಬತ್ತು ವರ್ಷದಿಂದ ನಿನ್ನ ಬಾಸಲ್ಲಿ ಕೀ ಕೆಳಗಿದೆ. ನಿದ್ದೆಗಣ್ಣಲ್ಲೂ ನಿನ್ನ ಕೈ ಮೇಲಕ್ಕೆ ಹೋಗಲ್ಲ. ಇದು ಮಾಮೂಲಿ ಬಾಸು ಹಿಡಿದು ಪಳಗಿದವನ ಕೈ. ಇವನಿಲ್ಲಿ ತಡಕಾಡ್ತಾ ಕೂತಿದ್ದಾಗ ನೀನು ಮೆಟ್ಟಿಲ ಮೇಲಿದ್ದೆ. ಅವಳು ನಿನ್ನನ್ನ ಬ್ಯಾಂಡಿಂದ ತೆಗೀತೀನಿ ಅಂತ ಹೇಳ್ತಾ ಇದ್ದಳು, ಊರಿಗೆಲ್ಲ ಗೊತ್ತು. ನೀನು ತಳ್ಳಿದೆ. ಬಾಸು ಕೊಡೋಕೆ ಬಂದಿದ್ದ ನನ್ನ ಭಾವನ್ನ ಏನೋ ಹೇಳಿ ಹೆದರಿಸಿ ಒಳಗೆ ಹಾಕಿಸಿದೆ!"

ಕೊನೆಗೊನೆಗೆ ನನ್ನ ದನಿ ನನಗೇ ಕರ್ಕಶವಾಗಿ ಕೇಳಿಸಿತು. ಕೇಳಿಸಲಿ. ಮನೆಯಲ್ಲಿ ಅಕ್ಕ ಮೂರು ದಿನದಿಂದ ಒಂದು ತುತ್ತು ತಿಂದಿಲ್ಲ. ಅಮ್ಮ ಹೋದಾಗ ನನಗೆ ಒಂಬತ್ತು ವರ್ಷ, ಅಕ್ಕನಿಗೆ ಹದಿನೇಳು. ಅವಳೇ ನನ್ನ ತಲೆ ಬಾಚಿದಳು, ಓದಿಸಿದಳು, ಪೊಲೀಸ್ ಪರೀಕ್ಷೆಗೆ ಬಸ್ಸು ಹತ್ತಿಸಿದಳು. ಇವತ್ತು ಅವಳ ಕಣ್ಣೀರಿಗೆ ಕಾರಣನಾದವನು ಎದುರಿಗೆ ನೀರಿನ ಬಾಟಲಿ ಹಿಡಿದು ನಿಂತಿದ್ದಾನೆ. ಇವನ ಕುತ್ತಿಗೆಪಟ್ಟಿ ಹಿಡಿಯದೆ ಸುಮ್ಮನಿದ್ದದ್ದೇ ದೊಡ್ಡ ವಿಷಯ.

"ಯಾರದು ಆ ಕೈ?" ಎಂದು ಕೇಳಿದೆ. "ಯಾವ ಶಿಷ್ಯ? ಹೆಸರು ಹೇಳು. ಈಗಲೇ ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೀನಿ."

ಎಡಚ ಬಾಟಲಿಯನ್ನು ಸ್ಪೀಕರ್ ಮೇಲೆ ಕುಕ್ಕಿದ. ಅವನ ಕಣ್ಣಲ್ಲಿ ಈಗ ಹೆದರಿಕೆ ಇರಲಿಲ್ಲ. ಕೋಪವಿತ್ತು.

"ನಲವತ್ತು ಸಲ ನೋಡಿದ್ರಾ?"

"ನೋಡಿದೆ."

"ನಲವತ್ತು ಸಲಾನೂ ಅಲ್ಲೇ ನಿಲ್ಲಿಸಿದ್ರಾ?"

ನನಗೆ ಪ್ರಶ್ನೆ ಅರ್ಥವಾಗಲಿಲ್ಲ.

"ಹೌದು ತಾನೇ? ಗೆದ್ದೆ ಅನ್ನಿಸಿದ ತಕ್ಷಣ ನಿಲ್ಲಿಸಿದ್ರಿ. ಯಾರನ್ನ ಹಿಡೀಬೇಕು ಅಂತ ಮೊದಲೇ ತೀರ್ಮಾನ ಮಾಡ್ಕೊಂಡಿದ್ರಿ. ಮುಂದಕ್ಕೆ ಬಿಡಿ. ಐದು ಸೆಕೆಂಡ್ ಬಿಡಿ, ಸಾಕು."

"ನನಗೆ ಆಜ್ಞೆ ಮಾಡ್ಬೇಡ."

"ಬಿಡಿ ಮೇಡಂ!" ಅವನು ಕೂಗಿದ. "ಮೂರು ದಿನದಿಂದ ಊರ ತುಂಬ ನನ್ನನ್ನ ಕೊಲೆಗಾರ ಅಂತ ಹೇಳ್ಕೊಂಡು ಬಂದಿದ್ದೀರ. ಐದು ಸೆಕೆಂಡ್ ನೋಡೋಕೆ ಏನು ಕಷ್ಟ?"

ಬಿಟ್ಟೆ.

ಕೈ ಕೀ ತಿರುಗಿಸಿತು. ತಂತಿಯನ್ನು ಬೇಕಾದ್ದಕ್ಕಿಂತ ಕೆಳಗೆ ಇಳಿಸಿ, ಮತ್ತೆ ನಿಧಾನಕ್ಕೆ ಏರಿಸಿತು. ಆಮೇಲೆ ಒಂದು ಕೈ ನೆಕ್ ಮೇಲಿನ ಮೊದಲನೇ ಲೋಹದ ಪಟ್ಟಿಯ ಹತ್ತಿರ ತಂತಿ ಒತ್ತಿತು, ಇನ್ನೊಂದು ಕೈ ಕೊನೆಯ ಪಟ್ಟಿಯ ಹತ್ತಿರ. ನಡುವೆ ತಂತಿ ಎಷ್ಟು ಎದ್ದಿದೆ ಎಂದು ನೋಡುವಂತೆ ಬಾಸು ಸ್ವಲ್ಪ ವಾಲಿತು. ಹೆಬ್ಬೆರಳು ನೆಕ್‌ನ ಬೆನ್ನನ್ನು ಒಮ್ಮೆ ಸವರಿತು.

ಪಾಠ ಮಾಡುವವನು ಪಾಠದ ನಡುವೆ ಇದನ್ನು ಮಾಡುವುದಿಲ್ಲ. ಎಡಚನ ಹಳೇ ಬಾಸಿನ ಬಾಗಿದ್ದ ನೆಕ್ಕನ್ನು ವರ್ಷಗಟ್ಟಲೆ ಅಟ್ಟದ ಮೇಲಿಟ್ಟು, ನೆಟ್ಟಗೆ ಮಾಡಿ, ಅವತ್ತು ಬೆಳಿಗ್ಗೆಯಷ್ಟೇ ಬಾಡಿಗೆ ಕೂರಿಸಿದವನು ಮಾಡುತ್ತಾನೆ. ಮತ್ತೆ ಬಾಗಿತೇನೋ ಎಂಬ ಗುಮಾನಿ ಅವನ ಕೈ ಬಿಡುವುದಿಲ್ಲ. ಅಂಗಡಿಯ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತ ಇಪ್ಪತ್ತೆರಡು ವರ್ಷ ಈ ಕೈಗಳನ್ನು ನೋಡಿದ್ದೇನೆ. ಎಡ ಬಲ ತಿರುಗಿಸಿದ್ದಕ್ಕೆ ಗುರುತು ಸಿಗಲಿಲ್ಲ ಎಂದು ಈಗ ಹೇಳಿಕೊಳ್ಳಬಹುದು. ನಿಜ ಅಂದರೆ ನಾನು ನೋಡಿರಲೇ ಇಲ್ಲ.

"ಭಾವ," ಅಂದೆ.

"ಭಾವ," ಎಂದು ಎಡಚನೂ ಅಂದ. "ಐದರಿಂದ ಆರರವರೆಗೆ ಅವರು ಆ ಕುರ್ಚಿ ಬಿಟ್ಟು ಎದ್ದಿಲ್ಲ."

ಮೊದಲು ಬಂದದ್ದು ಸಂತೋಷ. ಸುಳ್ಳು ಹೇಳಲಾರೆ. ಭಾವ ಮೆಟ್ಟಿಲ ಹತ್ತಿರವೇ ಹೋಗಿಲ್ಲ! ನಾನೂರು ಜನ ನೋಡಿದ್ದು ಎಡಚನನ್ನಲ್ಲ, ಅವರನ್ನು. ನಾಳೆ ಹನ್ನೊಂದಕ್ಕೆ ಅವರು ಹೊರಗೆ!

ಅದರ ಹಿಂದೆಯೇ ಕೋಪ ಬಂತು. ಬಾಯಿಬಿಟ್ಟು ಒಂದು ಮಾತು ಹೇಳಿದ್ದರೆ ಗುರುವಾರವೇ ಮನೆಗೆ ಬರಬಹುದಾಗಿತ್ತಲ್ಲ, ಈ ಮನುಷ್ಯ ಯಾಕೆ ಹೇಳಲಿಲ್ಲ?

"ನೀನೆಲ್ಲಿದ್ದೆ?" ಎಡಚನನ್ನು ಕೇಳಿದೆ.

"ಇನ್ನೊಂದು ಬ್ಯಾಂಡಿನವರು ಕರೆದಿದ್ರು. ನುಡಿಸಿ ತೋರಿಸು, ಸೇರಿಸ್ಕೋತೀವಿ ಅಂದ್ರು. ಅವರೂ ಗುರುವಾರ ಐದಕ್ಕೇ ಬಾ ಅನ್ಬೇಕಾ? ಪಾಠ ನಿಲ್ಲಿಸಿದ್ರೆ ನಮ್ಮ ಹಾಡುಗಾರ್ತಿಗೆ ಅನುಮಾನ ಬರತ್ತೆ. ತಪ್ಪದೆ ನೋಡ್ತಾಳೆ ಅವಳು... ನೋಡ್ತಿದ್ದಳು. ಅದಕ್ಕೇ ಇದೆಲ್ಲ. ಮೋಸ ಮಾಡಿದ್ದು ಅವಳಿಗೆ, ಪೊಲೀಸರಿಗಲ್ಲ. ಅಲ್ಲಿ ಐದು ಜನ ನನ್ನ ಎದುರಿಗೆ ಕೂತಿದ್ರು, ಬೇಕಾದ್ರೆ ಕೇಳಿ."

"ಅದನ್ನ ಪೊಲೀಸರಿಗೆ ಯಾಕೆ ಹೇಳಲಿಲ್ಲ?"

"ಆರೂ ಹತ್ತಕ್ಕೆ ನಾನು ಬಂದಾಗ ಅವಳು ಕೆಳಗೆ ಬಿದ್ದಿದ್ದಳು. ನಿಮ್ಮ ಭಾವ ನನ್ನ ಕೈ ಹಿಡ್ಕೊಂಡ್ರು. ನೀನು ಒಳಗೆ ನುಡಿಸ್ತಾ ಇದ್ದೆ, ಅಷ್ಟೇ ಹೇಳು, ಉಳಿದಿದ್ದು ನಂದು ಅಂದ್ರು. ಹತ್ತೊಂಬತ್ತು ವರ್ಷದ ಹಿಂದೆ ಅವಳು ಅವರನ್ನ ಬ್ಯಾಂಡಿಂದ ಆಚೆ ಹಾಕಿ ಆ ಜಾಗಕ್ಕೆ ನನ್ನ ತಂದಳು. ಅಂಥವರು ನನ್ನ ಬಾಸಿಗೆ ತಮ್ಮ ಕೈಯಾರೆ ನೆಕ್ ಕೂರಿಸಿಕೊಟ್ಟಿದ್ರು. ಅವರು ಏನಾದ್ರೂ ಕೇಳಿದ್ರೆ ಇಲ್ಲ ಅನ್ನೋಕೆ ನನಗೆ ಬಾಯಿ ಬರಲಿಲ್ಲ."

"ಹಾಗಾದ್ರೆ ಅವಳನ್ನ ತಳ್ಳಿದ್ದು ಯಾರು?"

ಅವನು ನನ್ನ ಮುಖವನ್ನೇ ನೋಡಿದ. ಕೋಪ ಇಳಿದಿತ್ತು. ನನಗೆ ಅದು ಕೋಪಕ್ಕಿಂತ ಕೆಟ್ಟದಾಗಿ ಕಂಡಿತು.

"ನೀವು ಮನೆಗೆ ಹೋಗಿ ಮೇಡಂ."

"ಯಾರು ಅಂತ ಕೇಳಿದೆ."

"ನನ್ನ ಬದಲು ಕೂರೋಕೆ ಮೊದಲು ನಿಮ್ಮ ಭಾವ ಒಪ್ಪಿರಲಿಲ್ಲ. ನಂಗೆ ಬೇಡ, ಆ ಕಾಲ ಮುಗೀತು ಅಂದ್ರು. ಒಪ್ಪಿಸಿದ್ದು ನಿಮ್ಮ ಅಕ್ಕ."

"ಅಕ್ಕನ ಹೆಸರು ಎತ್ತಬೇಡ!"

ಎಡಚ ಜಗಳಕ್ಕೆ ಬರಲಿಲ್ಲ. ಮೂಲೆಯ ಡ್ರಾಯರ್ ಎಳೆದು ಕ್ಯಾಮೆರಾ ತೆಗೆದ. ಉಗುರಿನಷ್ಟು ಸಣ್ಣ ಕಾರ್ಡ್ ಅದರೊಳಗೆ ತಳ್ಳಿದ.

"ಜನ ಕೇಳಿದ್ದು ಬಾಸಿಂದ ನೇರ ಕಂಪ್ಯೂಟರಿಗೆ ಹೋದ ಕೇಬಲ್ಲಿನ ಸದ್ದು ಮಾತ್ರ. ರೂಮಿನ ಸದ್ದು ಅದರಲ್ಲಿ ಬರಲ್ಲ. ಕ್ಯಾಮೆರಾಗೆ ಅದರದೇ ಮೈಕ್ ಇದೆ. ಇದು ರೆಕಾರ್ಡ್ ಆಗಿದೆ ಅಂತ ಶುಕ್ರವಾರದ ತನಕ ನಂಗೂ ಗೊತ್ತಿರಲಿಲ್ಲ. ನಿಮ್ಮ ಭಾವನಿಗೆ ಇವತ್ತಿಗೂ ಗೊತ್ತಿಲ್ಲ."

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಭಾವನ ಕೈಗಳು. ಇಲ್ಲಿ ಅವು ತಿರುಗಿಸಿದವಲ್ಲ. ಎಡಗೈ ಎಡಗೈಯಾಗೇ, ಬಲಗೈ ಬಲಗೈಯಾಗೇ ಇತ್ತು. ತಂತಿಗಳ ಸದ್ದು ತೆಳ್ಳಗೆ ಕೇಳುತ್ತಿತ್ತು. ದೂರದಲ್ಲಿ ವೆಲ್ಡಿಂಗ್ ಅಂಗಡಿಯ ಬಡಿತ. ಬಾಗಿಲು ಬರೀ ಒರಗಿಸಿದ್ದಿರಬೇಕು, ಮೆಟ್ಟಿಲು ಹತ್ತುವ ಚಪ್ಪಲಿಯ ಸದ್ದು ಚೆನ್ನಾಗಿ ಕೇಳಿತು. ಆಮೇಲೆ ಸತ್ತವಳ ದನಿ.

"ನನ್ನ ಹತ್ರಾನೇ ನಾಟಕನಾ? ಕೀ ಎಲ್ಲಿದೆ ಅಂತ ಗೊತ್ತಿಲ್ಲದ ಕೈ ಅದು. ಯಾರು ಒಳಗಿರೋದು?"

ಒಂಬತ್ತು ನಿಮಿಷ. ನಾನು ಮೂರು ದಿನ ಕೂತು ಹಿಡಿದದ್ದನ್ನು ಅವಳು ಕಂಡ ಕೂಡಲೇ ಹಿಡಿದು, ಒಂಬತ್ತು ನಿಮಿಷದಲ್ಲಿ ಇಲ್ಲಿಗೆ ಬಂದಿದ್ದಳು.

ಇನ್ನೊಂದು ದನಿ ಬಾಗಿಲಿಗೆ ತೀರಾ ಹತ್ತಿರದಲ್ಲಿತ್ತು. ಮೆಲ್ಲಗೆ, ಬೇಡಿಕೊಳ್ಳುವ ಹಾಗೆ.

"ಇಷ್ಟು ವರ್ಷ ಆದಮೇಲೆ ಒಂದು ಗಂಟೆ ನುಡಿಸ್ತಾ ಇದ್ದಾರೆ. ನಾನೂರು ಜನ ಕೇಳ್ತಾ ಇದ್ದಾರೆ. ಇನ್ನು ಸ್ವಲ್ಪ ಹೊತ್ತು. ನಿನ್ನ ದಮ್ಮಯ್ಯ ಅಂತೀನಿ, ಒಳಗೆ ಹೋಗ್ಬೇಡ."

"ಓ, ಅವನಾ! ದಾರಿ ಬಿಡು. ಅವತ್ತೇ ಸಾಲದು ಅಂತ ಕಳಿಸಿದವಳು ನಾನು. ಇವತ್ತೂ ಎಲ್ಲರ ಮುಂದೆ ನಾನೇ ಎಬ್ಬಿಸ್ತೀನಿ."

"ಬೇಡ ಅಂದೆ!"

ಬಟ್ಟೆ ಎಳೆದಾಡಿದ ಸದ್ದು. ಒಂದು ಬಳೆ ಒಡೆಯಿತು. ಒಂದು ಕೂಗು ಶುರುವಾಗಿ ಅರ್ಧಕ್ಕೇ ನಿಂತಿತು. ಆಮೇಲೆ ಮೆಟ್ಟಿಲಿಂದ ಮೆಟ್ಟಿಲಿಗೆ ಏನೋ ಭಾರವಾದದ್ದು ಇಳಿದು ಹೋಯಿತು.

ಪರದೆಯಲ್ಲಿ ಭಾವನ ಕೈಗಳು ತಂತಿಯ ಮೇಲೇ ನಿಂತವು. ಎರಡು ಸೆಕೆಂಡು. ಮೂರು.

ಎದ್ದೇಳಿ ಭಾವ, ಎಂದು ನಾನು ಹಲ್ಲು ಕಚ್ಚಿದೆ. ಬಾಸು ಎಸೆದು ಓಡಿ ಹೋಗಿ ಆಕೆಯನ್ನು ಎತ್ತಿ. ಇನ್ನೂ ಉಸಿರಿದ್ದರೂ ಇರಬಹುದು.

ಬಾಗಿಲು ಕಿರ್ ಅಂದಿತು. ನನಗೆ ಜಡೆ ಹಾಕುತ್ತ, ಅಲ್ಲಾಡಬೇಡ ಎಂದು ಗದರಿಸುತ್ತಿದ್ದ ದನಿಯದು. ಅದೇ ಗಟ್ಟಿತನ, ಅದೇ ಅಕ್ಕರೆ.

"ನಿಲ್ಲಿಸಬೇಡಿ. ಏನೂ ಆಗಿಲ್ಲ. ನೀವು ನುಡಿಸ್ತಾ ಇರಿ."

ಭಾವನ ಕೈಗಳು ನುಡಿಸತೊಡಗಿದವು. ಬಿಟ್ಟ ಜಾಗದಿಂದಲೇ, ತಾಳ ತಪ್ಪದೆ. ಆರು ಗಂಟೆಯವರೆಗೆ ಇನ್ನೂ ಹತ್ತೊಂಬತ್ತು ನಿಮಿಷವಿತ್ತು.

ಎಡಚ ಕ್ಯಾಮೆರಾ ಆರಿಸಿ ಕಾರ್ಡ್ ಹೊರಗೆ ತೆಗೆದ. ಅಂಗೈ ಮೇಲಿಟ್ಟು ನನ್ನ ಮುಂದೆ ಚಾಚಿದ.

"ಇನ್ನೊಂದು ಪ್ರತಿ ಇಲ್ಲ," ಅಂದ. "ಇನ್‌ಸ್ಪೆಕ್ಟರಿಗೆ ಫೋನ್ ಮಾಡ್ತೀನಿ ಅಂದ್ರಲ್ಲ. ಮಾಡಿ ಮೇಡಂ."